ರಂಗನತಿಟ್ಟು ಪಕ್ಕದಲ್ಲೇ ಇದೆಯಲ್ಲ, ಅಷ್ಟು ದೂರ ಯಾಕೆ ಹೋದಿರಿ?

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಸಿಗುವವರೆಲ್ಲ ಇದನ್ನೇ ಕೇಳುತ್ತಾರೆ. ಜೂನ್ ಮಧ್ಯದಿಂದ ಒಂದು ತಿಂಗಳು ಶೆಟ್ಲೆಂಡ್‌ನಲ್ಲಿದ್ದೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಸಂಜೆ ಹಡಗು ಹತ್ತಿದರೆ ಬೆಳಗ್ಗೆ ತಲುಪುವ ದ್ವೀಪಗಳು. ದಿನಾ ಕಡಲಂಚು ಹಿಡಿದು ನಡೆಯುವುದು, ಹಕ್ಕಿ ನೋಡುವುದು, ಅಷ್ಟೇ ಕೆಲಸ. ಇಲ್ಲೇ ಕೊಕ್ಕರೆಗಳಿಲ್ವಾ ಅನ್ನುವುದು ಎಲ್ಲರ ಮಾತು.

ಇವೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಕಣ್ಣಿಗೆ ಬಿದ್ದ ರಂಗನತಿಟ್ಟಿನ ಆ ನಡುಗಡ್ಡೆಗಳಲ್ಲೇ ನನಗೂ ಈ ಹುಚ್ಚು ಹತ್ತಿದ್ದು. ಆದರೆ ಅಲ್ಲಿನ ಕೊಕ್ಕರೆ ಮರವನ್ನು ನಂಬಿದ ಹಕ್ಕಿ. ಶೆಟ್ಲೆಂಡಿನ ಬಂಡೆಗಳಿಗೆ ಬರುವ ಹಕ್ಕಿಗಳಲ್ಲಿ ಎಷ್ಟೋ ವರ್ಷದ ಹೆಚ್ಚು ದಿನ ಕಡಲಲ್ಲೇ ಇರುತ್ತವೆ. ನೆಲ ಬೇಕಾಗುವುದು ಮೊಟ್ಟೆ ಇಡುವುದಕ್ಕೆ ಮಾತ್ರ. ಆ ನಾಲ್ಕು ದಿನದ ಸಂಸಾರ ನೋಡಬೇಕು ಅಂತಲೇ ಹೋದೆ.

ಪಫಿನ್ ಫೋಟೋ ಎಲ್ಲರೂ ಕೇಳುತ್ತಾರೆ. ಚೆಂದದ ಹಕ್ಕಿ, ಸಂಬರೋ ಹೆಡ್ ಲೈಟ್‌ಹೌಸಿನ ಗೋಡೆಯಾಚೆಗೇ ನಿಂತಿರುತ್ತದೆ. ಆದರೆ ನನ್ನ ಕಾಲು ಕಟ್ಟಿಹಾಕಿದ್ದು ಗಿಲ್ಲಿಮಾಟ್ ಅನ್ನುವ ಕಡಲ ಹಕ್ಕಿ. ಅದಕ್ಕೆ ಗೂಡೇ ಇಲ್ಲ. ಕಡಿದಾದ ಬಂಡೆಯ ಅಂಚಿನಲ್ಲಿ ಬರೀ ಕಲ್ಲಿನ ಮೇಲೆ ಒಂದೇ ಮೊಟ್ಟೆ. ಮರಿಗೆ ಮೂರು ವಾರ ತುಂಬುವಷ್ಟರಲ್ಲಿ, ಇನ್ನೂ ಹಾರಲು ಬಾರದಿರುವಾಗಲೇ, ಅದು ಕಡಲಿಗೆ ಧುಮುಕುತ್ತದೆ.

ರಾತ್ರಿ ಹತ್ತೂವರೆ. ಅಲ್ಲಿ ಆಗ ಸೂರ್ಯ ಮುಳುಗುವ ಹೊತ್ತು. ಒಂದು ಮರಿ ಅಂಚಿಗೆ ಬಂದು ಬಗ್ಗಿ ನೋಡಿತು. ಹಿಂದೆ ಸರಿಯಿತು. ಮತ್ತೆ ಬಂತು. ಕೆಳಗೆ ನೀರಿನಿಂದ ಅಪ್ಪ ಕೂಗುತ್ತಲೇ ಇತ್ತು. ಸಾವಿರ ದನಿಗಳ ಗದ್ದಲದಲ್ಲೂ ಮರಿಗೆ ಅಪ್ಪನ ದನಿ ಗೊತ್ತಾಗುತ್ತದೆ. ಆಮೇಲೆ ಸುಮ್ನೆ ಕಾಲೆತ್ತಿ ಮುಂದಿಟ್ಟುಬಿಟ್ಟಿತು. ಮೋಟು ರೆಕ್ಕೆ ಬಡಿಯುತ್ತಾ ಬಿದ್ದು ನೀರಲ್ಲಿ ಮುಳುಗಿ ಎದ್ದಿತು. ಅಪ್ಪ ಈಜಿ ಪಕ್ಕಕ್ಕೆ ಬಂತು. ಇಬ್ಬರೂ ತಿರುಗಿ ನೋಡದೆ ಕಡಲಿನ ಕಡೆ ಹೊರಟರು. ಇನ್ನೊಂದೆರಡು ತಿಂಗಳು ಅದನ್ನು ಸಾಕುವುದು ಅಪ್ಪನೇ. ನನಗೆ ಅಳು ಬಂತು, ಅದರಲ್ಲಿ ಮುಚ್ಚಿಡುವುದೇನಿದೆ?

ಮೂಸಾ ದ್ವೀಪಕ್ಕೂ ಒಂದು ರಾತ್ರಿ ಹೋದೆ. ಗಾರೆಯಿಲ್ಲದೆ ಕಟ್ಟಿದ, ಎರಡು ಸಾವಿರ ವರ್ಷದ ಕಲ್ಲಿನ ಗೋಪುರ. ಅದರ ಸಂದುಗಳೊಳಗೆ ಗುಬ್ಬಿ ಗಾತ್ರದ ಸ್ಟಾರ್ಮ್ ಪೆಟ್ರೆಲ್ ಅನ್ನುವ ಕಡಲ ಹಕ್ಕಿಗಳು. ಗೋಡೆಗೆ ಕಿವಿಯಿಟ್ಟರೆ ರಾಟೆ ತಿರುಗಿದ ಹಾಗೆ ಗುರ್ರ್ ಅನ್ನುತ್ತದೆ.

ದುಃಖದ ಮಾತೂ ಇದೆ. ಬಾಂಕ್ಸಿ ಅಂತ ಅಲ್ಲಿನವರು ಕರೆಯುವ ಗ್ರೇಟ್ ಸ್ಕೂವಾ ಹಕ್ಕಿಗಳು 2022ರ ಹಕ್ಕಿಜ್ವರದಲ್ಲಿ ರಾಶಿ ರಾಶಿ ಸತ್ತವು. ಈ ಹಕ್ಕಿಗಳಲ್ಲಿ ಎಷ್ಟೋ ತಿನ್ನುವ ಸ್ಯಾಂಡ್‌ಈಲ್ ಮೀನನ್ನು ಹಿಡಿಯುವುದನ್ನು 2024ರಲ್ಲಿ ಸ್ಕಾಟ್ಲೆಂಡ್ ನಿಲ್ಲಿಸಿದೆ. ತುಂಬಾ ಒಳ್ಳೆಯ ಕೆಲಸ ಅದು.

ಇನ್ನೊಂದು ವಿಷಯ. ಅಲ್ಲಿ ಆರ್ಕ್ಟಿಕ್ ಟರ್ನ್ ಅನ್ನುವ ರೀವ ಹಕ್ಕಿ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಹತ್ತಿರ ಹೋದರೆ ತಲೆಗೇ ಕುಕ್ಕುತ್ತದೆ. ಅದನ್ನು ನೋಡಿದಾಗೆಲ್ಲ ನಮ್ಮ ಕಾವೇರಿಯ ನದಿ ರೀವದ ನೆನಪು. ಊರಿಗೆ ಬಂದ ವಾರವೇ ರಂಗನತಿಟ್ಟಿಗೆ ಓಡಿದೆ. ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದರು, ದೋಣಿ ನಿಲ್ಲಿಸಿದ್ದರು. ರೀವ ಮೊಟ್ಟೆ ಇಡುವ ಬಂಡೆಗಳೆಲ್ಲ ಕೆಂಪು ನೀರಿನಡಿ ಇದ್ದವು. ಬೇಸಿಗೆಗೆ ಮತ್ತೆ ಮೇಲೆ ಬರುತ್ತವೆ. ಆಗ ಕೆರೆ ಏರಿಯವರನ್ನೆಲ್ಲ ಕರೆದುಕೊಂಡು ಹೋಗುತ್ತೇನೆ.