55ಕ್ಕೆ ಅದುರುವ ಅಂಬಾಸಿಡರ್

ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಹೊಸವು. ಪೆಡಲ್ ಹಗುರ, ಗೇರು ಸಲೀಸು. ಆದರೆ 1972ರ ಮಾರ್ಕ್ 2 ಅಂಬಾಸಿಡರ್ ಟಾಪ್ ಗೇರಿನಲ್ಲಿ 55 ದಾಟಿದ್ದೇ ತಡ, ಕಾಲಡಿಯ ತಗಡು ಗುಂಯ್‌ಗುಡುತ್ತಿತ್ತು. ಕನ್ನಡಿಯೊಳಗಿನ ಲಾರಿ ಎರಡೆರಡಾಗಿ ಕಾಣುತ್ತಿತ್ತು. ಕ್ಲಚ್ ಕೆಲಸಕ್ಕೆ ಮುಂಚೆ ಈ ನಡುಕ ಇರಲಿಲ್ಲ. ಹಾಗಾಗಿ ಎಲ್ಲರ ಅನುಮಾನವೂ ಕ್ಲಚ್ ಮೇಲೆಯೇ. ಗೇರ್‌ಬಾಕ್ಸ್ ಮತ್ತೆ ಇಳಿಸಲು ಬೆಳಿಗ್ಗೆಯೇ ಜಾಕ್ ತಂದಾಗಿತ್ತು.

ಇಳಿಸುವುದು ಅರ್ಧ ದಿನದ ಕೆಲಸ, ಪರೀಕ್ಷೆ ಹತ್ತು ನಿಮಿಷದ್ದು. ಮೊದಲು ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಎಂಜಿನ್ ಏರಿಸಿದೆವು. ಫ್ಲೈವೀಲ್ ಅಥವಾ ಪ್ರೆಷರ್ ಪ್ಲೇಟಿನ ತೂಕ ತಪ್ಪಿದ್ದರೆ ಇಲ್ಲೇ ಅದುರಬೇಕು. ಅದುರಲಿಲ್ಲ. ಪೆಡಲ್ ಒತ್ತಿದರೆ ಕ್ಲಚ್ ಪ್ಲೇಟ್ ತಿರುಗುವುದು ನಿಲ್ಲುತ್ತದೆ. ಒತ್ತಿದಾಗಲೂ ಬಿಟ್ಟಾಗಲೂ ವ್ಯತ್ಯಾಸವಿಲ್ಲ.

ಆಮೇಲೆ ರಸ್ತೆ. ಇಲ್ಲೊಂದು ಬಲೆಯಿದೆ. ಟಾಪ್ ಗೇರಿನಲ್ಲಿ ಎಂಜಿನ್ನೂ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟೂ ಒಂದೇ ವೇಗದಲ್ಲಿ ಸುತ್ತುತ್ತವೆ, ಯಾವುದು ಅದುರುತ್ತಿದೆ ಎಂದು ಗೊತ್ತಾಗುವುದಿಲ್ಲ. ಅದೇ 55ರಲ್ಲಿ ಮೂರನೇ ಗೇರಿಗೆ ಬಂದರೆ ಎಂಜಿನ್ ಸುಮಾರು ಒಂದೂವರೆ ಪಟ್ಟು ಸುತ್ತುತ್ತದೆ, ಶಾಫ್ಟ್ ಮಾತ್ರ ಹಾಗೇ. ನಡುಕ ಕದಲಲಿಲ್ಲ. 60ಕ್ಕೆ ಏರಿಸಿ ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಉರುಳಲು ಬಿಟ್ಟರೂ ಅದೇ ಗುಂಯ್. ಅಲ್ಲಿಗೆ ಕ್ಲಚ್ ನಿರಪರಾಧಿ; ಜಾಕ್ ಮೂಲೆ ಸೇರಿತು.

ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ ಕೆಳಗೆ ಹೋದರೆ ಮೊದಲ ತಪ್ಪು ಕಣ್ಣೆದುರೇ ಇತ್ತು. ಶಾಫ್ಟಿನ ತುದಿಯ ಚಪ್ಪಟೆ ಬಿಲ್ಲೆಯನ್ನು (ಫ್ಲ್ಯಾಂಜ್) ಹಿಂದಿನ ಆಕ್ಸಲಿನ ಡಿಫರೆನ್ಷಿಯಲ್ ಫ್ಲ್ಯಾಂಜಿಗೆ ನಾಲ್ಕು ಬೋಲ್ಟ್ ಹಿಡಿದಿವೆ. ತಿರುವುಮುರುವಾಗಿ ಕೂರಿಸಿದರೂ ಬೋಲ್ಟ್ ಸಲೀಸಾಗಿ ಹೋಗುತ್ತದೆ, ತೂಕ ಮಾತ್ರ ತಪ್ಪುತ್ತದೆ. ಜಿಡ್ಡು ಒರೆಸಿದಾಗ ಒಂದಕ್ಕೊಂದು ತಾಳೆಯಾಗಬೇಕಿದ್ದ ಹಳೆಯ ಪಂಚ್ ಗುರುತುಗಳು ವಿರುದ್ಧ ದಿಕ್ಕಿನಲ್ಲಿದ್ದವು. ಗುರುತಿಲ್ಲದ ಗಾಡಿಯಾದರೆ ಎರಡೂ ರೀತಿ ಹಾಕಿ ಓಡಿಸಿ ನೋಡುವುದೇ ದಾರಿ.

ಬಿಚ್ಚಿದ ಶಾಫ್ಟಿನ ಹಿಂದಿನ ಜಾಯಿಂಟನ್ನು ಕೈಯಲ್ಲಿ ಆಡಿಸಿದರೆ ಒಂದು ಕಡೆ ಬಿಗಿ. ಶಾಫ್ಟ್ ಹೇಗೂ ಹೊರಗಿದೆಯಲ್ಲ ಎಂದು ಕ್ಲಚ್ ಜೊತೆಗೆ ಆ ಜಾಯಿಂಟಿನ ನಡುವಿನ ನಾಲ್ಕು ಕಾಲಿನ ಕ್ರಾಸನ್ನೂ ಬದಲಿಸಲಾಗಿತ್ತು. ಕ್ರಾಸಿನ ಕಾಲಿಗೆ ಮುಚ್ಚಿದ ಬೇರಿಂಗ್ ಕಪ್ ಹೊರತೆಗೆದಾಗ ಸೂಜಿ ಬೇರಿಂಗಿನ ಒಂದು ಸೂಜಿ ತಳದಲ್ಲಿ ಜೀರಿಗೆ ಕಾಳಿನಂತೆ ಅಡ್ಡ ಬಿದ್ದಿತ್ತು. ಕಪ್ ಅಷ್ಟರಿಂದಲೇ ಪೂರ್ತಿ ಕೂತಿರಲಿಲ್ಲ, ಕಪ್ಪನ್ನು ಹಿಡಿದಿಡುವ ಸರ್ಕ್ಲಿಪ್ ತನ್ನ ಕಚ್ಚಿನೊಳಗೆ ಅರ್ಧವಷ್ಟೇ ಇಳಿದಿತ್ತು, ಕ್ರಾಸ್ ನಡುವಿನಿಂದ ಸರಿದಿತ್ತು. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಆಗುವ ಮಾಮೂಲಿ ಅನಾಹುತ ಇದು. ಸೂಜಿಗಳನ್ನು ಗ್ರೀಸಿನಲ್ಲಿ ಗೋಡೆಗೆ ಅಂಟಿಸಿ, ಕ್ರಾಸಿನ ಕಾಲು ಕಪ್ಪಿನೊಳಗೆ ಇರುವಂತೆ ಹಿಡಿದೇ, ವೈಸಿನಲ್ಲಿ ನಿಧಾನ ಒತ್ತಬೇಕು.

ಕ್ಲಚ್ಚೇ ಕಾರಣವಾಗುವುದೂ ಉಂಟು. ಜೋಡಿಸುವಾಗ ಗೇರ್‌ಬಾಕ್ಸಿನ ಭಾರ ಇನ್‌ಪುಟ್ ಶಾಫ್ಟಿನ ಮೇಲೆ ಜೋತುಬಿದ್ದರೆ ಪ್ಲೇಟಿನ ನಡು ಸೊಟ್ಟಗಾಗುತ್ತದೆ. ಗಾಡಿ ಹೊರಡುವಾಗ ಮಾತ್ರ ದಡದಡ ಎಂದರೆ ಪ್ಲೇಟಿಗೆ ಎಣ್ಣೆ ತಾಗಿದೆಯೇ, ಎಂಜಿನ್ ಮೌಂಟಿನ ರಬ್ಬರ್ ಹರಿದಿದೆಯೇ ನೋಡಬೇಕು.

ಎರಡೂ ತಪ್ಪು ಸರಿಪಡಿಸಿ ಹೊರಟ ಸಂಜೆಯ ಓಟದಲ್ಲಿ 70ರ ಹತ್ತಿರ ಸಣ್ಣ ಗುನುಗು ಉಳಿದಿತ್ತು. ಶಾಫ್ಟಿನ ಹಿಂತುದಿಯ ಸುತ್ತ ನಾಲ್ಕು ಗೆರೆ ಹಾಕಿ, ಹೋಸ್ ಕ್ಲಿಪ್ಪಿನ ಸ್ಕ್ರೂ ತಲೆಯನ್ನು, ತೂಕ ಸರಿದೂಗಿಸುವ ಪುಟ್ಟ ಭಾರವಾಗಿ, ಒಂದೊಂದು ಗೆರೆಗೂ ಇಟ್ಟು ಓಡಿಸಿದೆವು. ಮೂರನೆಯದರಲ್ಲಿ ಗುನುಗು ತಗ್ಗಿತು. ಇನ್ನೊಂದು ಕ್ಲಿಪ್ ಸೇರಿಸಿ, ಎರಡರ ತಲೆಯನ್ನೂ ಆ ಗೆರೆಯಿಂದ ಸಮನಾಗಿ ತುಸು ಅಗಲಿಸಿದಾಗ ನಿಂತೇಹೋಯಿತು. ಶಾಫ್ಟ್ ಬ್ಯಾಲೆನ್ಸಿಂಗ್‌ಗೆ ಹೋಗುವ ತನಕ ಆ ಎರಡು ಕ್ಲಿಪ್ ಅಲ್ಲೇ ಇರುತ್ತವೆ.