ಗಾಡಿಯಲ್ಲೇ ಬಿಟ್ಟ ಚಾವಿ

ಶಿರಸಿಯ ನಮ್ಮ ಕೇರಿಯಲ್ಲಿ ಗಾಡಿಯ ಚಾವಿ ಗಾಡಿಯಲ್ಲೇ ಇರುತ್ತದೆ. ಪಕ್ಕದ ಮನೆಯವರಿಗೆ ಡೇರಿಗೆ ಹೋಗುವ ತುರ್ತು ಬಿದ್ದರೆ ಒಯ್ದು, ಮತ್ತೆ ಅಲ್ಲೇ ತಂದು ನಿಲ್ಲಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ವರ್ಗಾವಣೆಯಾಗಿ ದೇವಿಮನೆ ಘಟ್ಟ ಇಳಿದು ಗೋಕರ್ಣಕ್ಕೆ ಬಂದಾಗ ನಾನು ಆ ರೂಢಿಯನ್ನೂ ಸ್ಕೂಟರಿನ ಜೊತೆಗೇ ತಂದಿದ್ದೆ.

ಅಮ್ಮ ಕೊಟ್ಟು ಕಳಿಸಿದ ಎಚ್ಚರಿಕೆಗಳೆಲ್ಲ ಬೇರೆಯವು. ಪರದೇಶದವರು, ಗಾಂಜಾದವರು ಇರುವ ಊರು, ಕತ್ತಲಾದ ಮೇಲೆ ಕಡಲಿನ ಕಡೆ ಸುಳಿಯಬೇಡ ಎಂದಿದ್ದಳು. ಅವಳ ಮಾತನ್ನು ಅಕ್ಷರಶಃ ಪಾಲಿಸಿ, ಎರಡು ತಿಂಗಳು ಕುಡ್ಲೆ ಕಡಲತೀರದಲ್ಲಿ ಸೂರ್ಯ ಮುಳುಗುವ ಮೊದಲೇ ಎದ್ದು ಬರುತ್ತಿದ್ದೆ. ಒಮ್ಮೆ ರಥಬೀದಿಯಲ್ಲಿ ಜಡೆಗಟ್ಟಿದ ಕೂದಲಿನ ಬಿಳಿಯನೊಬ್ಬ ಎದುರಿಗೆ ಬಂದನೆಂದು ಆಚೆ ಬದಿಗೆ ದಾಟಿಕೊಂಡೆ. ಅವನು ನೇರವಾಗಿ ಹೋಗಿ ಹಾಲಕ್ಕಿ ಹೆಂಗಸಿನ ಬುಟ್ಟಿಯ ಮುಂದೆ ಕುಳಿತು, ಬಸಳೆಯ ಕಟ್ಟನ್ನು ಹಿಡಿದು ಚೌಕಾಸಿಗೆ ಇಳಿದ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಕೋಟಿತೀರ್ಥದ ಹತ್ತಿರ ನಾನು ಬಾಡಿಗೆಗಿದ್ದ ಮನೆಯ ಮಹಡಿಯಲ್ಲಿ ಎರಡು ಕೋಣೆಗಳಿದ್ದು, ಮನೆಯ ಒಡತಿ ಅವನ್ನು ಸೀಸನ್ನಿನಲ್ಲಿ ಪ್ರವಾಸಿಗಳಿಗೆ ಕೊಡುತ್ತಿದ್ದರು. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅಂಗಳಕ್ಕೆ ಬಂದರೆ, ಸ್ಕೂಟರು ನಿಲ್ಲಿಸಿದ್ದ ಚಿರೆಕಲ್ಲಿನ ಮೇಲೆ ರೂಪಾಯಿಯಗಲದ ಎಣ್ಣೆಯ ಕಲೆಯೊಂದೇ ಉಳಿದಿತ್ತು. ಮಹಡಿಯ ಕೋಣೆಗಳೂ ಖಾಲಿಯಾಗಿದ್ದವು.

ಠಾಣೆಯಲ್ಲಿ ದೂರು ಬರೆದುಕೊಂಡವರು ಕಲಂ 303 ಎಂದು ನಮೂದಿಸಿದರು. ಆ ವರ್ಷದ ಜುಲೈ 1ರಿಂದ ಐಪಿಸಿಯ 379 ಹೋಗಿ, ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ ಈ ಕಲಂ ಬಂದಿತ್ತು. ಮನೆ ನೋಡಲು ಬಂದ ಪೇದೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಚಾವಿ ಎಲ್ಲಿತ್ತು ಎಂದು. ಉತ್ತರ ಕೇಳಿ ಅವರು ನಗಲಿಲ್ಲ, ಬೈಯಲೂ ಇಲ್ಲ, ಸುಮ್ಮನೆ ಬರೆದುಕೊಂಡರು. ಬೈದಿದ್ದರೆ ವಾಸಿಯಿತ್ತು.

“ಮೇಲೆ ಇದ್ದವರು ಯಾರಮ್ಮ?” ಎಂದು ಅವರು ಒಡತಿಯ ಕಡೆ ತಿರುಗಿದರು.

“ಬೆಂಗಳೂರಿನ ಹುಡುಗರು, ಒಳ್ಳೆಯವರು. ಹೋಗುವಾಗ ಕಾಲಿಗೆ ನಮಸ್ಕಾರ ಮಾಡಿ ಹೋದರು.”

ಹೆಸರಿಲ್ಲ, ವಿಳಾಸವಿಲ್ಲ, ಗುರುತಿನ ಚೀಟಿಯ ಪ್ರತಿಯಿಲ್ಲ. ವಿದೇಶಿಯರನ್ನು ಇಳಿಸಿಕೊಂಡರೆ 24 ಗಂಟೆಯೊಳಗೆ ಸಿ ಫಾರ್ಮ್ ತುಂಬಲೇಬೇಕು, ನಮ್ಮವರೇ ಆದರೂ ದಾಖಲೆ ಇಟ್ಟುಕೊಳ್ಳಬೇಡವೇ ಎಂದು ಪೇದೆ ಸಮಾಧಾನದಿಂದಲೇ ವಿವರಿಸಿ, ನನ್ನತ್ತ ಪೆನ್ನು ತೋರಿಸಿ, “ಇವರದ್ದಾದರೂ ಇದೆಯೇ?” ಎಂದರು. ನನ್ನದೂ ಇರಲಿಲ್ಲ. ಎರಡು ತಿಂಗಳ ಬಾಡಿಗೆಯನ್ನು ನಾನು ಕೈಯಲ್ಲಿ ಕೊಟ್ಟಿದ್ದೆ, ಅವರು ಸೆರಗಿಗೆ ಕಟ್ಟಿಕೊಂಡಿದ್ದರು. ಕರಾರಿನ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಮೂರನೆಯ ದಿನ, ಊರಿನಿಂದ ಸುಮಾರು 9 ಕಿಲೋಮೀಟರ್ ದೂರದ ಗೋಕರ್ಣ ರೋಡ್ ರೈಲು ನಿಲ್ದಾಣದ ಹೊರಗೆ ಸ್ಕೂಟರು ಸಿಕ್ಕಿತು. ಪೆಟ್ರೋಲು ಬರಿದಾಗಿತ್ತು, ಕಾಲಿಡುವ ಜಾಗದಲ್ಲಿ ಮರಳಿತ್ತು, ಚಾವಿ ಮಾತ್ರ ಇರಲಿಲ್ಲ. ಯಾರೋ ರೈಲಿಗೆ ಹೊತ್ತಾಯಿತೆಂದು ಒಯ್ದಂತಿತ್ತು. ಆ ಹುಡುಗರೇ ಒಯ್ದರೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ರಾತ್ರಿಯಿಡೀ ತೆರೆದೇ ಇರುತ್ತಿದ್ದ ಗೇಟಿನಿಂದ ಯಾರು ಬೇಕಾದರೂ ಬಂದಿರಬಹುದು.

ಬೀಗ ಬದಲಾಯಿಸಲು 1,100 ರೂಪಾಯಿ ಆಯಿತು. ಅಮ್ಮನಿಗೆ ವಿಷಯ ಹೇಳಿದ್ದು ಸಂಕ್ರಾಂತಿಗೆ ಊರಿಗೆ ಹೋದಾಗ, ಅದೂ ಅರ್ಧ ಮಾತ್ರ.

ಅದೇ ವಾರ ಮನೆಯೊಡತಿ ರಥಬೀದಿಯಿಂದ ಕೆಂಪು ರಟ್ಟಿನ ಉದ್ದ ಪುಸ್ತಕವೊಂದನ್ನು ತಂದರು. ಕಣ್ಣು ಮಂಜಾದ ಕಾರಣ ಬರೆಯುವ ಕೆಲಸ ನನಗೇ ಬಂತು. ನಾನು ಗೆರೆ ಎಳೆದು, ಹೆಸರು, ಊರು, ಬಂದ ದಿನ ಎಂದು ಕಾಲಂ ಮಾಡಿ ಮುಗಿಸುವಷ್ಟರಲ್ಲಿ ಅವರು ಒಳಗಿನಿಂದಲೇ ಕೂಗಿದರು:

“ತಂಗಿ, ಮೊದಲು ನಿನ್ನ ಹೆಸರು ಬರಿ. ಹಾಂಗೇ ಆಧಾರಿನದೊಂದು ಜೆರಾಕ್ಸೂ ಕೊಡು.”