ಜಾಗ ಗೊತ್ತುಮಾಡಿದವರು ಯಾರು?

ಪದವಿಯ ಕೊನೆಯ ವರ್ಷದಲ್ಲಿ ನಮಗೆ ಯುವಜನರ ಉಪಸಂಸ್ಕೃತಿಗಳ ಕುರಿತು, ಅಂದರೆ ಉಡುಪು, ಸಂಗೀತ, ನಡೆನುಡಿಗಳಿಂದ ಉಳಿದವರಿಗಿಂತ ಬೇರೆಯಾಗಿ ನಿಲ್ಲುವ ಗುಂಪುಗಳ ಕುರಿತು, ಒಂದು ಪುಟ್ಟ ಅಧ್ಯಾಯವಿತ್ತು. ವ್ಯಾಖ್ಯಾನ ಬಾಯಿಪಾಠ ಮಾಡಿಕೊಂಡರೆ ಅಂಕ ಸಿಗುತ್ತದೆ ಎಂದು ಹಿಂದಿನ ವರ್ಷದವರು ಹೇಳಿಹೋಗಿದ್ದರು. ಸಮಾಜಶಾಸ್ತ್ರದ ಮೇಡಂ ಮಾತ್ರ ವ್ಯಾಖ್ಯಾನ ಬರೆಸುವ ಆತುರ ತೋರಲಿಲ್ಲ. ಪಂಕ್, ಮಾಡ್, ಗಾತ್, ಹಿಪ್‌ಹಾಪ್ ಎಂದು ಇಂಥ ಕೆಲವು ಗುಂಪುಗಳ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದು, ಇವರನ್ನು ಹೇಗೆ ಗುರುತಿಸುತ್ತೀರಿ ಎಂದು ಕೇಳಿದರು. ಕೂದಲು, ಚರ್ಮದ ಜಾಕೆಟ್, ಕಪ್ಪು ಬಟ್ಟೆ, ಸಂಗೀತ ಎಂದು ನಾವು ಹೇಳಿದ್ದನ್ನೆಲ್ಲ ಬರೆದುಕೊಂಡರು. ಆಮೇಲೆ, “ಸರಿ, ಇವರೆಲ್ಲ ಶನಿವಾರ ರಾತ್ರಿ ಎಲ್ಲಿ ಸೇರುತ್ತಾರೆ? ಆ ಜಾಗ ಗೊತ್ತುಮಾಡಿದವರು ಯಾರು?” ಎಂದರು. ಯಾರಿಗೂ ಉತ್ತರ ಹೊಳೆಯಲಿಲ್ಲ.

ಅವರೇ ಕೊಟ್ಟ ಮೊದಲ ಉತ್ತರ ನ್ಯೂಯಾರ್ಕಿನ ಬ್ರಾಂಕ್ಸ್‌ನದು. 1973ರ ಆಗಸ್ಟ್ 11ರಂದು ಸೆಜ್ವಿಕ್ ಅವೆನ್ಯೂದ 1520ನೇ ಸಂಖ್ಯೆಯ ವಸತಿ ಕಟ್ಟಡದಲ್ಲಿ ನಡೆದ ಪಾರ್ಟಿಯಿಂದ ಹಿಪ್‌ಹಾಪ್‌ನ ಹುಟ್ಟನ್ನು ಲೆಕ್ಕ ಹಾಕುವುದು ರೂಢಿ. ಜಮೈಕಾದಿಂದ ವಲಸೆ ಬಂದಿದ್ದ, ಪಾರ್ಟಿಗಳಲ್ಲಿ ರೆಕಾರ್ಡ್ ನುಡಿಸುವ ಡಿಜೆ ಕೂಲ್ ಹರ್ಕ್ ಒಂದೇ ಹಾಡಿನ ಎರಡು ರೆಕಾರ್ಡ್‌ಗಳನ್ನು ಅಕ್ಕಪಕ್ಕ ಇಟ್ಟು, ತಾಳವಾದ್ಯವಷ್ಟೇ ನುಡಿಯುವ ತುಣುಕನ್ನು ಹಿಗ್ಗಿಸುತ್ತಾ ಹೋದ ಕೌಶಲವನ್ನು ಎಲ್ಲರೂ ಬರೆಯುತ್ತಾರೆ. ಆದರೆ ಆ ಪಾರ್ಟಿಯನ್ನು ಏರ್ಪಡಿಸಿದವರು ಅವರ ತಂಗಿ ಸಿಂಡಿ ಕ್ಯಾಂಪ್‌ಬೆಲ್. ಶಾಲೆ ಮತ್ತೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಹೊಂದಿಸಿಕೊಳ್ಳಬೇಕಿತ್ತು. ಅದಕ್ಕಾಗಿ ಕಟ್ಟಡದ ಕೆಳಗಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಕೈಬರಹದ ಆಹ್ವಾನ ಹಂಚಿ, ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಎಂದು ಪ್ರವೇಶದರ ಇಟ್ಟರು. ಈ ಸಂಗತಿ ಕೇಳಿದ ದಿನ ನನಗಾದ ರೋಮಾಂಚನ ಇಂದಿಗೂ ಕಡಿಮೆಯಾಗಿಲ್ಲ. ಜಗತ್ತನ್ನೇ ಸುತ್ತಿದ ಒಂದು ಸಂಸ್ಕೃತಿಯ ಲೆಕ್ಕಪತ್ರ ಒಬ್ಬ ಹುಡುಗಿಯ ಕೈಯಲ್ಲಿತ್ತು!

ಅಲ್ಲಿಂದ ಮೇಡಂ ನಮ್ಮನ್ನು ಬರ್ಮಿಂಗ್‌ಹ್ಯಾಮ್‌ಗೆ ಕರೆದೊಯ್ದರು. 1964ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರದಲ್ಲಿ ಸ್ಟುವರ್ಟ್ ಹಾಲ್ ಮತ್ತು ಸಂಗಡಿಗರು, ದುಡಿಯುವ ವರ್ಗದ ಹುಡುಗರ ಉಡುಪು, ನಡೆನುಡಿಗಳನ್ನು ವರ್ಗವ್ಯವಸ್ಥೆಗೆ ಅವರು ಕೊಟ್ಟ ಪ್ರತಿಕ್ರಿಯೆಯಾಗಿ ಓದಿದರು. ಅದು ದೊಡ್ಡ ಹೆಜ್ಜೆ, ನಿಜ. ಅದೇ ಕೇಂದ್ರದ ಏಂಜೆಲಾ ಮೆಕ್‌ರಾಬಿ ಮತ್ತು ಜೆನ್ನಿ ಗಾರ್ಬರ್ ಅವರು 1970ರ ದಶಕದಲ್ಲೇ ಎತ್ತಿದ ಆಕ್ಷೇಪ ನನಗೆ ಇನ್ನೂ ದೊಡ್ಡದಾಗಿ ಕಂಡಿತು: ಈ ಅಧ್ಯಯನಗಳಲ್ಲಿ ಹುಡುಗಿಯರು ಎಲ್ಲಿದ್ದಾರೆ? ಬೀದಿಯನ್ನಷ್ಟೇ ನೋಡುವ ಸಂಶೋಧಕನಿಗೆ ಬೀದಿಗೆ ಬರುವ ಸ್ವಾತಂತ್ರ್ಯವಿದ್ದವರು ಮಾತ್ರ ಕಾಣುತ್ತಾರೆ. ಮನೆಯ ಕೋಣೆಯಲ್ಲಿ ಗೆಳತಿಯರು ಸೇರಿ ಹಾಡು ಕೇಳುತ್ತಾ, ಚಿತ್ರ ಅಂಟಿಸುತ್ತಾ ಕಟ್ಟಿಕೊಂಡ ಲೋಕ ಅವನ ಟಿಪ್ಪಣಿಗೆ ಬರುವುದೇ ಇಲ್ಲ.

ಹೊರಗಿನವರು ಕೊಡುವ ವ್ಯಾಖ್ಯಾನದ ಅಪಾಯವನ್ನು ತಿಳಿಸಲು ಮೇಡಂ ಆರಿಸಿಕೊಂಡದ್ದು 1964ರ ಈಸ್ಟರ್ ರಜೆಯಲ್ಲಿ ಇಂಗ್ಲೆಂಡಿನ ಕ್ಲ್ಯಾಕ್ಟನ್ ಕಡಲತೀರದಲ್ಲಿ ನಡೆದ ಗಲಾಟೆ. ಒಂದು ಕಡೆ ಸ್ಕೂಟರ್ ಏರಿ ಅಂದವಾದ ಸೂಟು ತೊಟ್ಟ ಮಾಡ್‌ಗಳು, ಇನ್ನೊಂದು ಕಡೆ ಮೋಟರ್‌ಸೈಕಲ್ ಮತ್ತು ಚರ್ಮದ ಜಾಕೆಟ್‌ನ ರಾಕರ್‌ಗಳು. ಆದ ಹಾನಿಗೂ ಪತ್ರಿಕೆಗಳು ಬರೆದದ್ದಕ್ಕೂ ತಾಳಮೇಳವೇ ಇರಲಿಲ್ಲ ಎಂಬುದನ್ನು ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೊಹೆನ್ ತಮ್ಮ ಅಧ್ಯಯನದಲ್ಲಿ ವಿವರವಾಗಿ ತೋರಿಸಿದರು. ಮುಖ್ಯವಾದ ಮಾತೆಂದರೆ, ಆ ವರದಿಗಳು ಎರಡು ಬಣಗಳ ನಡುವಿನ ಗೆರೆಯನ್ನು ಇನ್ನಷ್ಟು ದಪ್ಪವಾಗಿಸಿದವು. ಪತ್ರಿಕೆ ಕೊಟ್ಟ ಪಾತ್ರವನ್ನು ಹುಡುಗರೂ ವಹಿಸತೊಡಗಿದರು.

ಇದಕ್ಕೆ ಪೂರಾ ತದ್ವಿರುದ್ಧ ಕಥೆಯೂ ಒಂದಿದೆ. 1980ರ ಆಸುಪಾಸಿನಲ್ಲಿ ಅಮೆರಿಕದ ಕೆಲವು ಸಂಗೀತ ಕ್ಲಬ್‌ಗಳು ಅಪ್ರಾಪ್ತ ವಯಸ್ಸಿನವರಿಗೆ ಮದ್ಯ ಕೊಡಬಾರದೆಂದು ಅವರ ಕೈಮೇಲೆ ದೊಡ್ಡ ಕತ್ತರಿ (X) ಗುರುತು ಹಾಕುತ್ತಿದ್ದವು. ವಾಷಿಂಗ್ಟನ್‌ನ ಪಂಕ್ ಹುಡುಗರು ಆ ಗುರುತನ್ನೇ ತಮ್ಮದಾಗಿಸಿಕೊಂಡರು. ಮದ್ಯ, ಮಾದಕವಸ್ತು ನಮಗೇ ಬೇಡ ಎಂದು ಸಾರುವ ಸ್ಟ್ರೈಟ್ ಎಡ್ಜ್ ಪಂಥಕ್ಕೆ ಅದು ಲಾಂಛನವಾಯಿತು. ಬಾಗಿಲಲ್ಲಿ ತಡೆಯಲು ಹಾಕಿದ ಗುರುತು ಹೆಮ್ಮೆಯಿಂದ ತೋರಿಸುವ ಗುರುತಾಯಿತು.

ಉಪಸಂಸ್ಕೃತಿ ಎಂದರೆ ಗಟ್ಟಿ ಬೇಲಿಯ ಗುಂಪು ಎಂಬ ಕಲ್ಪನೆಯನ್ನು ಮುಂದೆ ಅನೇಕರು ಪ್ರಶ್ನಿಸಿದರು. ಕೆನಡಾದ ವಿದ್ವಾಂಸ ವಿಲ್ ಸ್ಟ್ರಾ 1991ರಲ್ಲಿ ಸಂಗೀತದ ‘ಸೀನ್’ ಬಗ್ಗೆ ಬರೆಯುವಾಗ, ಒಂದೇ ಜಾಗದಲ್ಲಿ ಹಲವು ರುಚಿಗಳು ಬೆರೆಯುವ, ಜನ ಬಂದು ಹೋಗುವ ವಲಯವನ್ನು ವಿವರಿಸಿದರು. ನನಗೆ ಈ ನೋಟವೇ ಸರಿಯೆನಿಸುತ್ತದೆ, ಒಂದು ಷರತ್ತಿನೊಂದಿಗೆ: ಒಳಗೂ ಮೇಲುಕೀಳು ಇದ್ದೇ ಇರುತ್ತದೆ. ಇಂಗ್ಲೆಂಡಿನ ವಿಗನ್ ಕಸಿನೊ ಎಂಬ ನೃತ್ಯಶಾಲೆಯಲ್ಲಿ 1973ರಿಂದ 1981ರವರೆಗೆ ನಾರ್ದರ್ನ್ ಸೋಲ್ ಎಂಬ ಸಂಗೀತದ ಪ್ರಿಯರು ಬೆಳಗಾಗುವ ತನಕ ಕುಣಿಯುತ್ತಿದ್ದರು. ಅಮೆರಿಕದಲ್ಲಿ ಮಾರಾಟವಾಗದೆ ಮೂಲೆ ಸೇರಿದ್ದ ಕಪ್ಪು ಕಲಾವಿದರ ಹಾಡುಗಳೆಂದರೆ ಅವರಿಗೆ ಪ್ರಾಣ. ಅಪರೂಪದ ರೆಕಾರ್ಡ್ ಸಿಕ್ಕ ಡಿಜೆಗಳು ಅದರ ಲೇಬಲ್ ಮುಚ್ಚಿ ಸುಳ್ಳು ಹೆಸರು ಹೇಳುವುದೂ ಇತ್ತು. ಗೊತ್ತಿರುವುದೇ ಅಲ್ಲಿ ಆಸ್ತಿ. ಸಾರಾ ಥಾರ್ನ್‌ಟನ್ 1990ರ ದಶಕದಲ್ಲಿ ಇಂಥ ಅರಿವನ್ನೇ ಉಪಸಾಂಸ್ಕೃತಿಕ ಬಂಡವಾಳ ಎಂದು ಕರೆದರು.

ಇದನ್ನೆಲ್ಲ ಓದುತ್ತಿದ್ದಾಗ ನಮ್ಮ ಕಣ್ಣೆದುರೇ ಒಂದು ವಲಯವಿತ್ತು. ಗ್ರಂಥಾಲಯದ ಹಿಂದಿನ ಮೆಟ್ಟಿಲುಗಳಲ್ಲಿ ಮಧ್ಯಾಹ್ನ ಸೇರುತ್ತಿದ್ದ, ಅಬ್ಬರದ ಗಿಟಾರ್‌ಗಳ ಮೆಟಲ್ ಸಂಗೀತದ ಬಳಗ. 1980ರ ದಶಕದ ಆರಂಭದಲ್ಲಿ ಅದರ ವೇಗದ ಬಗೆಯಾದ ಥ್ರ್ಯಾಶ್ ಮೆಟಲ್ ದೇಶದಿಂದ ದೇಶಕ್ಕೆ ಹಬ್ಬಿದ್ದು ಅಪರಿಚಿತರು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದ ಕ್ಯಾಸೆಟ್‌ಗಳ ಮೂಲಕ. ಮೆಟ್ಟಿಲ ಬಳಗವೂ ಕ್ಯಾಸೆಟ್‌ಗಳಿಂದಲೇ ಬದುಕಿತ್ತು. ಉದ್ದ ಕೂದಲ ಇಬ್ಬರು ಗಿಟಾರ್‌ವಾದಕರು ಕಾಲೇಜಿಗೆಲ್ಲ ಪರಿಚಿತರು. ಅವರ ಭಾವಚಿತ್ರ ನಮ್ಮ ಕಾಲೇಜಿನ ಇದೇ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆದರೆ ಪ್ರತಿ ಕ್ಯಾಸೆಟ್ಟನ್ನು ನಕಲು ಮಾಡಿ, ಹೊದಿಕೆಯ ಮೇಲೆ ಹಾಡುಗಳ ಹೆಸರನ್ನು ಸಣ್ಣಕ್ಷರದಲ್ಲಿ ಒಪ್ಪವಾಗಿ ಬರೆದು, ಯಾರು ಯಾವುದನ್ನು ಒಯ್ದರೆಂದು ನೋಟ್‌ಬುಕ್ಕಿನಲ್ಲಿ ಗುರುತಿಟ್ಟುಕೊಳ್ಳುತ್ತಿದ್ದವರು ವಾಣಿಜ್ಯ ವಿಭಾಗದ ಒಬ್ಬ ವಿದ್ಯಾರ್ಥಿನಿ. ಹೊಸಬರು ನಾಚಿಕೊಂಡು ದೂರ ನಿಂತರೆ ಕರೆದು ಒಂದು ಕ್ಯಾಸೆಟ್ ಕೈಗಿಡುತ್ತಿದ್ದರು. ಯಾವುದರಿಂದ ಆರಂಭಿಸಬೇಕೆಂಬುದನ್ನೂ ಅವರೇ ಹೇಳುತ್ತಿದ್ದರು. ನನಗೂ ಹಾಗೆಯೇ ಸಿಕ್ಕಿತು.

ಅವರು ಈ ಪತ್ರಿಕೆಯನ್ನು ಈಗಲೂ ತರಿಸಿಕೊಳ್ಳುತ್ತಾರೆಂದು ಕೇಳಿದ್ದೇನೆ. ಹಾಗಿದ್ದರೆ ನನ್ನದೊಂದು ಕೋರಿಕೆ. ಮೊದಲ ಕ್ಯಾಸೆಟ್ ನಿಮಗೆ ಎಲ್ಲಿಂದ ಬಂತು, ನಕಲು ಮಾಡಲು ಎರಡು ಡೆಕ್‌ಗಳ ಯಂತ್ರ ಯಾರದಾಗಿತ್ತು, ಆ ನೋಟ್‌ಬುಕ್ ಉಳಿದಿದೆಯೇ ಎಂಬುದನ್ನು ಮುಂದಿನ ಸಂಚಿಕೆಗೆ ದಯವಿಟ್ಟು ಬರೆಯಿರಿ. ಮೆಟ್ಟಿಲುಗಳ ಬಳಗದ ಬಗ್ಗೆ ನಾನು ಬರೆಯಬಹುದಾದದ್ದಕ್ಕಿಂತ ನಿಮ್ಮಲ್ಲಿರುವುದು ಬಹಳ ಹೆಚ್ಚು.